ದುಡ್ಡು ಬಿಚ್ಚುವ ಮೊದಲು ಗೇಜ್ ನೋಡು

ತಮ್ಮಾ, ‘ಲ್ಯಾಪ್‌ಟಾಪ್ ಬಾಳ ಸ್ಲೋ ಆಗ್ಯಾದ, ಹೊಸದು ಕೊಡಿಸ್ರಿ’ ಎಂದು ಮನೆಯಲ್ಲಿ ಬಾಯಿ ತೆಗೆಯುವ ಮೊದಲು ಈ ಹಿರಿಯನ ಮಾತು ಸ್ವಲ್ಪ ಕೇಳು. ತಂಗಿ, ಇದು ನಿನಗೂ ಹೇಳಿದ್ದೇ. ಲಿಂಗಸುಗೂರು, ಮಸ್ಕಿ, ಸಿಂಧನೂರು ಒಂದೇ ಹೆದ್ದಾರಿಯ ಮೇಲಿನ ಮೂರು ಊರು. ಆ ದಾರಿಯ ಬಸ್ಸುಗಳಲ್ಲಿ ಬಿಸಿಎ, ಡಿಪ್ಲೊಮಾ, ಎಂಜಿನಿಯರಿಂಗ್ ಓದುವ ಮಕ್ಕಳ ಹೆಗಲಿಗೆ ಈಗ ಲ್ಯಾಪ್‌ಟಾಪ್ ಚೀಲ ಇದ್ದೇ ಇರುತ್ತದೆ. ಅದರಲ್ಲಿ ಎಷ್ಟೋ ಭತ್ತವನ್ನೋ ಹತ್ತಿಯನ್ನೋ ತೊಗರಿಯನ್ನೋ ಮಾರಿದ ದುಡ್ಡಿನಲ್ಲಿ ಬಂದವು, ಕೆಲವು ಬೆಂಗಳೂರಿನಲ್ಲಿ ಕೆಲಸಕ್ಕಿರುವ ಅಣ್ಣ ಕಳಿಸಿದ ಸೆಕೆಂಡ್ ಹ್ಯಾಂಡ್. ಅಲ್ಲಿಯವರೆಗೆ ನೆಟ್ಟಗೆ ನಡೆಯುತ್ತಿದ್ದ ಯಂತ್ರ, ಲಿನಕ್ಸ್ ಕಲಿಯಲೆಂದು ಒಳಗೊಂದು ವರ್ಚುವಲ್ ಮಷಿನ್ ಹಾಕಿದ ದಿನದಿಂದ ಹಟ ಹಿಡಿಯುತ್ತದೆ. ಮೌಸಿನ ಬಾಣ ತೆವಳುತ್ತದೆ, ಫ್ಯಾನ್ ಕೂಗುತ್ತದೆ, ಒಂದು ಫೋಲ್ಡರ್ ತೆರೆಯಲು ಚಹಾ ಕುಡಿದು ಬರುವಷ್ಟು ಹೊತ್ತು ಬೇಕಾಗುತ್ತದೆ.

ನಾನು ಹೇಳಬೇಕಾದದ್ದು ಇಷ್ಟೇ. ಈ ನಿಧಾನಕ್ಕೆ ಹೆಚ್ಚಿನ ಸಲ ಒಂದೇ ಮುಖ್ಯ ಕಾರಣ ಇರುತ್ತದೆ. ಆ ಕಾರಣ ಪರದೆಯ ಮೇಲೆ ಅಂಕಿಯಾಗಿ ಕಾಣುತ್ತದೆ. ಅಂಕಿ ನೋಡಿದವನಿಗೆ ದುಡ್ಡು ಖರ್ಚಾಗದೆಯೇ ದಾರಿ ಸಿಗುವುದುಂಟು. ನೋಡದವನು ಮೊದಲು ರ‍್ಯಾಮ್ ಕೊಳ್ಳುತ್ತಾನೆ, ಆಮೇಲೆ ವಿಂಡೋಸ್ ಮರುಹಾಕಿಸುತ್ತಾನೆ, ಕೊನೆಗೆ ಕಂತಿನ ಮೇಲೆ ಹೊಸ ಲ್ಯಾಪ್‌ಟಾಪ್ ತರುತ್ತಾನೆ. ತಂದ ಮೇಲೆ ಅದರಲ್ಲೂ ಹಳೆಯ ಸೆಟ್ಟಿಂಗನ್ನೇ ಇಟ್ಟು ಅದನ್ನೂ ನಿಧಾನ ಮಾಡುತ್ತಾನೆ.

ನಮ್ಮ ಕಡೆಯವನಾದ ನಿನಗೆ ತುಂಗಭದ್ರಾ ಎಡದಂಡೆ ನಾಲೆಯ ಲೆಕ್ಕ ಹೇಳಿಕೊಡಬೇಕಿಲ್ಲ. ನಾಲೆಯಲ್ಲಿ ಹರಿಯುವ ನೀರು ಇಷ್ಟೇ ಎಂದು ನಿಗದಿ. ಮೇಲ್ಭಾಗದಲ್ಲಿ ಪೈಪ್ ಹಾಕಿ ಬೇಕಾದಷ್ಟು ಎಳೆದುಕೊಂಡರೆ ಕೊನೆಭಾಗದ ಭತ್ತ ಒಣಗುತ್ತದೆ. ಆಗ ರೈತರು ಮೊದಲು ಕೇಳುವುದು ಗೇಜ್ ಎಷ್ಟಿದೆ ಎಂದು. ಗೇಜ್ ನೋಡದೆ ಜಗಳಕ್ಕೆ ಹೋದವನ ಮಾತು ನಿಲ್ಲುವುದಿಲ್ಲ. ನಿನ್ನ ಲ್ಯಾಪ್‌ಟಾಪಿನೊಳಗಿನ ರ‍್ಯಾಮ್, ಪ್ರೊಸೆಸರ್, ಡಿಸ್ಕ್ ಮೂರೂ ಹೀಗೆಯೇ ಅಳತೆಯವು. ವರ್ಚುವಲ್ ಮಷಿನ್ ಎಂದರೆ ಅದೇ ಅಳತೆಯಲ್ಲಿ ಪಾಲು ಕೇಳುವ ಇನ್ನೊಂದು ಪೂರ್ತಿ ಕಂಪ್ಯೂಟರ್. ಅದಕ್ಕೆ ಹೆಚ್ಚು ಕೊಟ್ಟಷ್ಟೂ ಹೊರಗಿನ ವಿಂಡೋಸಿಗೆ ಕಡಿಮೆ. ವಿಂಡೋಸ್ ಒಣಗಿದರೆ ಅದರ ಮೇಲೆ ನಿಂತ ವರ್ಚುವಲ್ ಮಷಿನ್ ಕೂಡ ಒಣಗುತ್ತದೆ.

ಗೇಜ್ ಎಲ್ಲಿದೆ ಎಂದು ಕೇಳಿದರೆ, ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಗುಂಡಿ ಒಟ್ಟಿಗೆ ಒತ್ತು. ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅದರಲ್ಲಿ ಪರ್ಫಾರ್ಮೆನ್ಸ್ ಎಂಬ ಪುಟಕ್ಕೆ ಹೋಗು. ಸಿಪಿಯು, ಮೆಮೊರಿ, ಡಿಸ್ಕ್ ಎಂದು ಸಾಲಾಗಿ ಕಾಣುತ್ತವೆ. ಮೊದಲು ವರ್ಚುವಲ್ ಮಷಿನ್ ಶುರು ಮಾಡದೆ ನೋಡಿ ಮೂರರ ಅಂಕಿಯನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೋ. ಆಮೇಲೆ ಶುರು ಮಾಡಿ, ಅದು ಪೂರ್ತಿ ಎದ್ದು ಕೂತ ಮೇಲೆ ಮತ್ತೊಮ್ಮೆ ಬರೆದುಕೋ. ಯಾವುದು ನೂರರ ಹತ್ತಿರ ಹೋಗಿ ಕೆಳಗಿಳಿಯದೆ ನಿಂತಿದೆಯೋ ಅಲ್ಲಿಂದ ಕೆಲಸ ಶುರು.

ಮೊದಲು ಮೆಮೊರಿ. ನಮ್ಮ ಮಕ್ಕಳ ಹತ್ತಿರ ಹೆಚ್ಚಾಗಿ ಇರುವುದು 8 ಜಿಬಿ ರ‍್ಯಾಮಿನ ಯಂತ್ರ. ವಿಂಡೋಸ್ 11 ಸುಮ್ಮನೆ ಕೂತಾಗಲೇ ಅದರಲ್ಲಿ ಮೂರರಿಂದ ನಾಲ್ಕು ಜಿಬಿ ಹಿಡಿದಿರುತ್ತದೆ. ಮೇಲೆ ಕ್ರೋಮ್‌ನಲ್ಲಿ ಯೂಟ್ಯೂಬ್ ಪಾಠ, ವಾಟ್ಸ್ಆ್ಯಪ್ ವೆಬ್, ಕಾಲೇಜಿನ ಪಿಡಿಎಫ್ ತೆರೆದಿಟ್ಟರೆ ಇನ್ನೂ ಒಂದೆರಡು ಜಿಬಿ ಹೋಯಿತು. ಇಷ್ಟಾದ ಮೇಲೆ ‘ಒಳಗಿನದು ಜೋರಾಗಿ ಓಡಲಿ’ ಎಂದು ವರ್ಚುವಲ್ ಮಷಿನ್‌ಗೆ 6 ಜಿಬಿ ಬರೆದುಕೊಟ್ಟರೆ ಲೆಕ್ಕ ಎಲ್ಲಿ ಕೂಡುತ್ತದೆ? ಕೂಡದ ಲೆಕ್ಕವನ್ನು ವಿಂಡೋಸ್ ಡಿಸ್ಕಿನ ಮೇಲೆ ಬರೆದು ತೂಗಿಸುತ್ತದೆ. ರ‍್ಯಾಮಿನಲ್ಲಿ ಇರಬೇಕಾದದ್ದನ್ನು ಡಿಸ್ಕಿಗೆ ಎತ್ತಿಡುವುದು, ಬೇಕಾದಾಗ ವಾಪಸ್ ತರುವುದು, ಇಡೀ ಹೊತ್ತು ಇದೇ ಕೆಲಸ. ಮೆಮೊರಿ 90ರ ಮೇಲೆ ನಿಂತು, ಅದೇ ಹೊತ್ತಿಗೆ ಡಿಸ್ಕ್ 100 ತೋರಿಸುತ್ತಿದ್ದರೆ ನಿನ್ನ ರೋಗ ಇದೇ.

ಪರಿಹಾರಕ್ಕೆ ಕಾಸು ಬೇಡ. ವರ್ಚುವಲ್ ಮಷಿನ್ ಬಂದ್ ಮಾಡು, ಸೆಟ್ಟಿಂಗಿಗೆ ಹೋಗಿ ಪಾಲು ಇಳಿಸು. ವರ್ಚುವಲ್ ಮಷಿನ್ ಓಡಿಸುವ ವರ್ಚುವಲ್‌ಬಾಕ್ಸ್ ಎಂಬ ಸಾಫ್ಟ್‌ವೇರಿನಲ್ಲಿ ಮೆಮೊರಿಯ ಪಟ್ಟಿಗೆ ಹಸಿರು ಭಾಗ, ಕೆಂಪು ಭಾಗ ಎಂದು ಬಣ್ಣವನ್ನೇ ಹಾಕಿಟ್ಟಿದ್ದಾರೆ, ಹಸಿರು ದಾಟಬೇಡ. 8 ಜಿಬಿ ಯಂತ್ರದಲ್ಲಿ ಒಳಗಿನದಕ್ಕೆ 2ರಿಂದ 3 ಜಿಬಿ, ಅದಕ್ಕಿಂತ ಹೆಚ್ಚು ಬೇಡ. 16 ಜಿಬಿ ಇದ್ದರೆ ಧಾರಾಳವಾಗಿ 6 ಕೊಡಬಹುದು. ಬರಿ 4 ಜಿಬಿ ಇರುವ ಹಳೆಯ ಯಂತ್ರದಲ್ಲಿ ಪರದೆ, ಚಿತ್ರ, ಮೆನು ಎಲ್ಲ ಇರುವ ಲಿನಕ್ಸನ್ನು ಒಳಗೆ ಓಡಿಸುವ ಆಸೆಯನ್ನೇ ಬಿಡು. ಅದಕ್ಕೆ ಬೇರೆ ದಾರಿ ಇದೆ, ಮುಂದೆ ಹೇಳುತ್ತೇನೆ.

‘ಎರಡು ಜಿಬಿಯಲ್ಲಿ ಉಬುಂಟು ಓಡೋದಿಲ್ಲ ಕಾಕಾ’ ಎನ್ನುತ್ತೀ. ನಿಜ. ಉಬುಂಟು 24.04ರ ಡೆಸ್ಕ್‌ಟಾಪ್‌ಗೆ 4 ಜಿಬಿ ರ‍್ಯಾಮ್, 25 ಜಿಬಿ ಡಿಸ್ಕ್ ಇರಲಿ ಎಂದು ಅದನ್ನು ಮಾಡಿದವರೇ ಹೇಳುತ್ತಾರೆ. ಆದರೆ ನಿನ್ನ ಪಠ್ಯದಲ್ಲಿರುವುದೇನು? ಟರ್ಮಿನಲ್ ತೆರೆದು ಕಮಾಂಡ್ ಕೊಡುವುದು, ಶೆಲ್ ಸ್ಕ್ರಿಪ್ಟ್ ಬರೆಯುವುದು, ಸಿ ಪ್ರೋಗ್ರಾಂ ಕಂಪೈಲ್ ಮಾಡುವುದು. ಇದಕ್ಕೆ ಲುಬುಂಟು, ಝುಬುಂಟು ಎಂಬ ಹಗುರ ತಳಿಗಳು ಸಾಕು, ಅವು 2 ಜಿಬಿಯಲ್ಲಿ ನಡೆಯುತ್ತವೆ. ಪರದೆಯ ಅಲಂಕಾರವೇ ಇಲ್ಲದ ಉಬುಂಟು ಸರ್ವರ್ ಹಾಕಿದರೆ ಒಂದೂವರೆ ಜಿಬಿಯಲ್ಲೂ ಕೆಲಸವಾಗುತ್ತದೆ. ಕಲಿಯುವವನಿಗೆ ಕರಿ ಪರದೆಯೇ ಒಳ್ಳೆಯದು, ಕೈ ಬೇಗ ಪಳಗುತ್ತದೆ. 8 ಜಿಬಿ ಯಂತ್ರದೊಳಗೆ ಇನ್ನೊಂದು ವಿಂಡೋಸ್ 11 ಕೂಡಿಸುವ ಸಾಹಸ ಮಾತ್ರ ಬೇಡ. ಅದು ಕನಿಷ್ಠ 4 ಜಿಬಿ ರ‍್ಯಾಮ್, 64 ಜಿಬಿ ಡಿಸ್ಕ್ ಕೇಳುತ್ತದೆ. ಕೊಟ್ಟರೂ ಸಮಾಧಾನ ಇಲ್ಲ.

ಎರಡನೆಯದು ಡಿಸ್ಕ್. ಸೆಕೆಂಡ್ ಹ್ಯಾಂಡ್ ಯಂತ್ರಗಳಲ್ಲಿ ಇಂದಿಗೂ ತಿರುಗುವ ಹಾರ್ಡ್‌ಡಿಸ್ಕ್ ಇರುತ್ತದೆ. ಲ್ಯಾಪ್‌ಟಾಪಿನ ಅಂಥ ಡಿಸ್ಕ್ ನಿಮಿಷಕ್ಕೆ ಸಾಮಾನ್ಯವಾಗಿ 5400 ಸುತ್ತು ತಿರುಗುತ್ತದೆ, ಅಂದರೆ ಸೆಕೆಂಡಿಗೆ 90. ಓದುವ ಮುಳ್ಳು ಒಂದು ಜಾಗದಿಂದ ಇನ್ನೊಂದು ಜಾಗಕ್ಕೆ ಹಾರಿ, ಬೇಕಾದ ಭಾಗ ತನ್ನ ಕೆಳಗೆ ಬರುವ ತನಕ ಕಾಯಬೇಕು. ಹಾಗಾಗಿ ಚದುರಿದ ಸಣ್ಣಸಣ್ಣ ಕಡತಗಳನ್ನು ಓದುವಾಗ ಸೆಕೆಂಡಿಗೆ ನೂರರ ಆಸುಪಾಸು ಕೆಲಸ ಮಾತ್ರ ಸಾಧ್ಯ. ಎರಡೆರಡು ಆಪರೇಟಿಂಗ್ ಸಿಸ್ಟಂಗಳು ಒಟ್ಟಿಗೆ ಅದೇ ಮುಳ್ಳನ್ನು ಆಚೆ ಈಚೆ ಎಳೆದಾಡಿದರೆ ಏನಾಗುತ್ತದೆ, ನೀನೇ ಯೋಚಿಸು. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಅಂಥ ಸಣ್ಣ ಕೆಲಸಗಳನ್ನು ಅದು ಸೆಕೆಂಡಿಗೆ ಹತ್ತಾರು ಸಾವಿರ ಮಾಡುತ್ತದೆ. ಟಾಸ್ಕ್ ಮ್ಯಾನೇಜರಿನ ಡಿಸ್ಕ್ ಪುಟದಲ್ಲಿ ನಿನ್ನದು ಎಚ್‌ಡಿಡಿಯೋ ಎಸ್‌ಎಸ್‌ಡಿಯೋ ಎಂದು ಬರೆದಿರುತ್ತದೆ, ನೋಡು.

ದುಡ್ಡು ಹಾಕಲೇಬೇಕು ಎಂದಾದರೆ, ತಿರುಗುವ ಡಿಸ್ಕ್ ಇರುವವನು ಮೊದಲು ಎಸ್‌ಎಸ್‌ಡಿಗೇ ಹಾಕಬೇಕು. ವರ್ಚುವಲ್ ಮಷಿನ್ ಇರಲಿ ಬಿಡಲಿ, ಇಡೀ ಯಂತ್ರದ ನಡೆಯೇ ಬದಲಾಗುತ್ತದೆ. ಅಂಗಡಿಗೆ ಹೋಗುವ ಮೊದಲು ನಿನ್ನ ಯಂತ್ರದೊಳಗೆ ಯಾವ ಬಗೆಯ ಜಾಗ ಇದೆ ಎಂದು ಮಾಡೆಲ್ ನಂಬರ್ ಹಾಕಿ ತಿಳಿದುಕೋ. ಹಳೆಯದರಲ್ಲಿ ಎರಡೂವರೆ ಇಂಚಿನ ಸಾಟಾ ಇರುತ್ತದೆ, ಹೊಸದರಲ್ಲಿ ಸಣ್ಣ ಪಟ್ಟಿಯಂಥ ಎಂ.2. ಎಂ.2ರಲ್ಲಿಯೂ ಸಾಟಾ, ಎನ್‌ವಿಎಂಇ ಎಂದು ಎರಡು ಬಗೆ, ಒಂದಕ್ಕೆ ಇನ್ನೊಂದು ನಡೆಯದಿರಬಹುದು. ಡಿವಿಡಿ ಡ್ರೈವ್ ಇರುವ ಹಳೆಯ ಲ್ಯಾಪ್‌ಟಾಪ್ ಆದರೆ ಅದನ್ನು ತೆಗೆಸಿ, ಆ ಜಾಗಕ್ಕೆ ಕ್ಯಾಡಿ ಹಾಕಿಸಿ ಹಳೆಯ ಹಾರ್ಡ್‌ಡಿಸ್ಕನ್ನು ಅಲ್ಲಿ ಉಳಿಸಿಕೊಳ್ಳಬಹುದು. ಫೋಟೊ, ಸಿನಿಮಾ ಅಲ್ಲಿರಲಿ. ವಿಂಡೋಸ್ ಮತ್ತು ವರ್ಚುವಲ್ ಮಷಿನ್‌ನ ಕಡತ ಎಸ್‌ಎಸ್‌ಡಿಯಲ್ಲಿರಲಿ. ಬಿಚ್ಚಿಸುವ ಮೊದಲು ಮುಖ್ಯ ಕಡತಗಳನ್ನೆಲ್ಲ ಬೇರೆ ಕಡೆ ನಕಲು ಮಾಡಿಟ್ಟುಕೋ.

ಎಸ್‌ಎಸ್‌ಡಿ ಇದ್ದೂ ಡಿಸ್ಕ್ 100 ತೋರಿಸುತ್ತಿದ್ದರೆ ಮೂರು ತಪಾಸಣೆ ಮಾಡು. ಒಂದು, ಅದು ಭರ್ತಿಯಾಗಿದೆಯೇ? ಐದರಲ್ಲೊಂದು ಪಾಲು ಖಾಲಿ ಇರಲಿ. ತುಂಬಿ ತುಳುಕುವ ಎಸ್‌ಎಸ್‌ಡಿ ಬರೆಯುವಾಗ ನಿಧಾನವಾಗುತ್ತದೆ. ಎರಡು, ವರ್ಚುವಲ್ ಮಷಿನ್‌ನ ಕಡತವನ್ನು ಜಾಗ ಇಲ್ಲವೆಂದು ಪೆನ್‌ಡ್ರೈವಿನಲ್ಲಿ ಇಟ್ಟಿದ್ದೀಯಾ? ಪೆನ್‌ಡ್ರೈವ್ ಕಡತ ಒಯ್ಯಲು ಸರಿ, ಆಪರೇಟಿಂಗ್ ಸಿಸ್ಟಂ ಓಡಿಸಲು ಅಲ್ಲ. ಮೂರು, ಸ್ನ್ಯಾಪ್‌ಶಾಟ್‌ಗಳನ್ನು ಒಂದರ ಮೇಲೊಂದು ಪೇರಿಸಿದ್ದೀಯಾ? ಪ್ರತಿ ಸ್ನ್ಯಾಪ್‌ಶಾಟಿಗೂ ಬೇರೆ ಕಡತ ಹುಟ್ಟುತ್ತದೆ, ಓದುವಾಗ ಆ ಸರಪಳಿಯನ್ನೆಲ್ಲ ಜಾಲಾಡಬೇಕಾಗುತ್ತದೆ, ಡಿಸ್ಕಿನ ಜಾಗವೂ ಕರಗುತ್ತದೆ. ಪರೀಕ್ಷೆಗೆ ಬೇಕಾದ ಒಂದನ್ನು ಇಟ್ಟುಕೊಂಡು ಉಳಿದವನ್ನು ವರ್ಚುವಲ್‌ಬಾಕ್ಸ್‌ನ ಒಳಗಿನಿಂದಲೇ ಅಳಿಸು. ಫೋಲ್ಡರಿಗೆ ಹೋಗಿ ಕೈಯಿಂದ ಅಳಿಸಿದರೆ ಇಡೀ ಮಷಿನ್ ಎದ್ದೇಳುವುದಿಲ್ಲ.

ಮೂರನೆಯದು ಹೆಚ್ಚಿನವರು ನೋಡದೇ ಇರುವ ಸ್ವಿಚ್ಚು. ಒಂದು ಯಂತ್ರದೊಳಗೆ ಹಲವು ಯಂತ್ರ ಓಡಿಸುವ ವಿದ್ಯೆ ಹೊಸದಲ್ಲ. ಐಬಿಎಂ ತನ್ನ ದೊಡ್ಡ ಮೇನ್‌ಫ್ರೇಮ್‌ಗಳಿಗೆ ವಿಎಂ 370 ಎಂಬ ವ್ಯವಸ್ಥೆಯನ್ನು 1972ರಲ್ಲೇ ಪ್ರಕಟಿಸಿತ್ತು. ಆದರೆ ನಮ್ಮ ಮೇಜಿನ ಮೇಲಿನ ಕಂಪ್ಯೂಟರುಗಳ ಪ್ರೊಸೆಸರು ಇದಕ್ಕಾಗಿ ಮಾಡಿದ್ದಾಗಿರಲಿಲ್ಲ. 1999ರಲ್ಲಿ ವಿಎಂವೇರ್ ಕಂಪನಿ ವರ್ಕ್‌ಸ್ಟೇಷನ್ ತಂದಾಗ ಬರಿಯ ಸಾಫ್ಟ್‌ವೇರಿನ ಚಮತ್ಕಾರದಿಂದ ಅದನ್ನು ಸಾಧಿಸಬೇಕಾಯಿತು. 2005ರಲ್ಲಿ ಇಂಟೆಲ್, 2006ರಲ್ಲಿ ಎಎಂಡಿ ಪ್ರೊಸೆಸರಿನೊಳಗೇ ಇದಕ್ಕೆ ನೆರವು ಕೊಟ್ಟವು. ಇಂಟೆಲ್‌ನದು ವಿಟಿ-ಎಕ್ಸ್, ಎಎಂಡಿಯದು ಎಎಂಡಿ-ವಿ. ಇಂದಿನ ಎಲ್ಲ ವರ್ಚುವಲ್ ಮಷಿನ್‌ಗಳ ವೇಗ ನಿಂತಿರುವುದು ಈ ನೆರವಿನ ಮೇಲೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಅದು ಬಂದ್ ಆದ ಸ್ಥಿತಿಯಲ್ಲೇ ಗಿರಾಕಿಯ ಕೈಗೆ ಬರುತ್ತದೆ.

ಟಾಸ್ಕ್ ಮ್ಯಾನೇಜರಿನ ಸಿಪಿಯು ಪುಟದ ಕೆಳಗೆ ವರ್ಚುವಲೈಸೇಷನ್ ಎಂಬ ಸಾಲಿದೆ. ಅದರ ಮುಂದೆ ಎನೇಬಲ್ಡ್ ಎಂದಿದ್ದರೆ ಸರಿ. ಡಿಸೇಬಲ್ಡ್ ಎಂದಿದ್ದರೆ ಯಂತ್ರವನ್ನು ಮತ್ತೆ ಶುರು ಮಾಡು, ಲೋಗೊ ಬರುವ ಹೊತ್ತಿಗೆ ಕಂಪನಿಗೆ ತಕ್ಕಂತೆ ಎಫ್2, ಎಫ್10 ಅಥವಾ ಡಿಲೀಟ್ ಗುಂಡಿ ಒತ್ತಿ ಬಯಾಸ್‌ಗೆ ಹೋಗು. ಇಂಟೆಲ್ ಆದರೆ ವರ್ಚುವಲೈಸೇಷನ್ ಟೆಕ್ನಾಲಜಿ, ಎಎಂಡಿ ಆದರೆ ಎಸ್‌ವಿಎಂ ಮೋಡ್ ಎಂದು ಬರೆದಿರುತ್ತದೆ. ಆನ್ ಮಾಡಿ, ಸೇವ್ ಮಾಡಿ ಹೊರಗೆ ಬಾ. ಅಲ್ಲಿ ಬೇರೆ ಯಾವುದಕ್ಕೂ ಕೈ ಹಚ್ಚಬೇಡ.

ಸ್ವಿಚ್ ಆನ್ ಇದ್ದೂ ವರ್ಚುವಲ್‌ಬಾಕ್ಸ್ ತೆವಳುತ್ತಿದ್ದರೆ ಓಡುತ್ತಿರುವ ಮಷಿನ್‌ನ ಕಿಟಕಿಯ ಕೆಳಗಿನ ಬಲ ಮೂಲೆ ನೋಡು. ಅಲ್ಲಿ ಹಸಿರು ಆಮೆಯ ಚಿತ್ರ ಕಂಡರೆ, ವಿಂಡೋಸಿನದೇ ವರ್ಚುವಲ್ ಮಷಿನ್ ವ್ಯವಸ್ಥೆಯಾದ ಹೈಪರ್-ವಿ ಆ ಪ್ರೊಸೆಸರಿನ ನೆರವನ್ನು ಮೊದಲೇ ಹಿಡಿದುಕೊಂಡಿದೆ, ವರ್ಚುವಲ್‌ಬಾಕ್ಸ್ ಅದರ ಮೂಲಕ ಸುತ್ತಿ ಬರಬೇಕಾಗಿದೆ ಎಂದು ಅರ್ಥ. ‘ಟರ್ನ್ ವಿಂಡೋಸ್ ಫೀಚರ್ಸ್ ಆನ್ ಆರ್ ಆಫ್’ ಎಂಬಲ್ಲಿಗೆ ಹೋಗಿ ಹೈಪರ್-ವಿ, ವರ್ಚುವಲ್ ಮಷಿನ್ ಪ್ಲಾಟ್‌ಫಾರ್ಮ್, ವಿಂಡೋಸ್ ಹೈಪರ್‌ವೈಸರ್ ಪ್ಲಾಟ್‌ಫಾರ್ಮ್, ಸ್ಯಾಂಡ್‌ಬಾಕ್ಸ್ ಇವುಗಳ ಟಿಕ್ ತೆಗೆದು ಯಂತ್ರ ಮರುಚಾಲೂ ಮಾಡು. ಆಮೆ ಹೋಗದಿದ್ದರೆ ವಿಂಡೋಸ್ ಸೆಕ್ಯೂರಿಟಿಯ ಕೋರ್ ಐಸೊಲೇಷನ್‌ನಲ್ಲಿ ಮೆಮೊರಿ ಇಂಟೆಗ್ರಿಟಿ ಎಂಬುದು ಇದಕ್ಕೆ ಕಾರಣ ಇರಬಹುದು. ಇಲ್ಲಿ ಸ್ವಲ್ಪ ತಡೆದು ಯೋಚಿಸು. ಅದು ನಿನ್ನ ಯಂತ್ರದ ಕಾವಲು. ಅದೇ ಲ್ಯಾಪ್‌ಟಾಪಿನಲ್ಲಿ ಅಪ್ಪನ ಬ್ಯಾಂಕಿನ ವ್ಯವಹಾರ ನಡೆಯುತ್ತಿದ್ದರೆ ಅದನ್ನು ತೆಗೆಯಬೇಡ, ಸ್ವಲ್ಪ ನಿಧಾನವನ್ನು ಸಹಿಸಿಕೋ ಅಥವಾ ಕೆಳಗೆ ಹೇಳುವ ಬೇರೆ ದಾರಿ ಹಿಡಿ.

ಪ್ರೊಸೆಸರಿನ ಪಾಲಿನ ವಿಷಯದಲ್ಲಿ ಎಲ್ಲರೂ ದೊಡ್ಡ ಮನಸ್ಸು ಮಾಡುತ್ತಾರೆ. ಸಿಪಿಯು ಪುಟದಲ್ಲಿ ಕೋರ್ಸ್ 4, ಲಾಜಿಕಲ್ ಪ್ರೊಸೆಸರ್ಸ್ 8 ಎಂದು ಕಂಡ ಕೂಡಲೇ ಎಂಟನ್ನೂ ಒಳಗಿನದಕ್ಕೆ ಬರೆದುಬಿಡುತ್ತಾರೆ. ಆಗ ವಿಂಡೋಸ್ ಮತ್ತು ಒಳಗಿನ ಲಿನಕ್ಸ್ ಅದೇ ಕೋರಿಗಾಗಿ ಒಂದನ್ನೊಂದು ಕಾಯುತ್ತಾ ಕೂಡುತ್ತವೆ. ನಿಜವಾದ ಕೋರಿನ ಅರ್ಧ ಕೊಡು, ಸಾಕು. ನಾಲ್ಕಿದ್ದರೆ ಎರಡು. ಎರಡೇ ಇರುವ ಹಳೆಯ ಐ3 ಆದರೆ ಒಂದರಿಂದ ಶುರು ಮಾಡಿ ನೋಡು.

ಒಳಗೆ ಎಲ್ಲ ಸರಿ ಇದ್ದು ಪರದೆ ಮಾತ್ರ ಎಳೆದಾಡಿದಂತೆ, ಕಿಟಕಿ ಸರಿಸಿದರೆ ತುಂಡುತುಂಡಾಗಿ ಬರುತ್ತಿದ್ದರೆ ಗೆಸ್ಟ್ ಅಡಿಷನ್ಸ್ ಹಾಕಿಲ್ಲ ಎಂದು ತಿಳಿ. ವರ್ಚುವಲ್‌ಬಾಕ್ಸ್‌ನ ಡಿವೈಸಸ್ ಮೆನುವಿನಲ್ಲೇ ಅದು ಇದೆ. ಹಾಕಿದ ಮೇಲೆ ವಿಡಿಯೊ ಮೆಮೊರಿಯನ್ನು 128 ಎಂಬಿಗೆ ಏರಿಸು, 3ಡಿ ಆ್ಯಕ್ಸಿಲರೇಷನ್ ಒಮ್ಮೆ ಆನ್ ಮಾಡಿ ನೋಡು. ಪರದೆ ಮಿನುಗಿದರೆ ಅಥವಾ ಕಪ್ಪಾದರೆ ಮತ್ತೆ ಆಫ್. ಎರಡೆರಡು ಆ್ಯಂಟಿವೈರಸ್ ಹಾಕಿಕೊಂಡವರೂ ಇದ್ದಾರೆ. ಒಳಗಿನ ಮಷಿನ್‌ನ ಹತ್ತಿಪ್ಪತ್ತು ಜಿಬಿಯ ಕಡತಕ್ಕೆ ಕೈ ತಗಲಿದಾಗಲೆಲ್ಲ ಅವೆರಡೂ ತಪಾಸಣೆಗೆ ಇಳಿಯಬಹುದು. ಒಂದು ಆ್ಯಂಟಿವೈರಸ್ ತೆಗೆದುಹಾಕು. ಉಳಿದದ್ದರಲ್ಲಿ ವರ್ಚುವಲ್ ಮಷಿನ್ ಇರುವ ಒಂದು ಫೋಲ್ಡರಿಗೆ ಮಾತ್ರ ವಿನಾಯಿತಿ ಕೊಡು, ಇಡೀ ಡ್ರೈವಿಗೆ ಕೊಡಬೇಡ.

ಇನ್ನು ನಮ್ಮ ಸೀಮೆಯದೇ ಒಂದು ತೊಂದರೆ ಇದೆ, ಬೆಂಗಳೂರಿನಲ್ಲಿ ಕೂತು ಸಲಹೆ ಕೊಡುವವರಿಗೆ ಅದು ಹೊಳೆಯುವುದಿಲ್ಲ: ಬಿಸಿಲು ಮತ್ತು ದೂಳು. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುವುದು ನಮಗೆ ಸುದ್ದಿಯೇ ಅಲ್ಲ. ಭತ್ತದ ಕೊಯ್ಲಿನ ಹೊತ್ತಿಗೆ ಸಿಂಧನೂರು ಸುತ್ತಿನ ಕ್ಯಾಂಪುಗಳಲ್ಲಿ, ರೈಸ್‌ಮಿಲ್ಲುಗಳ ಅಕ್ಕಪಕ್ಕ ಹೊಟ್ಟಿನ ಸಣ್ಣ ದೂಳು ಗಾಳಿಯಲ್ಲೇ ಇರುತ್ತದೆ. ಎರೆ ಹೊಲದ ರಸ್ತೆಯ ದೂಳು ಬೇರೆ. ಇದೆಲ್ಲ ಲ್ಯಾಪ್‌ಟಾಪಿನ ಫ್ಯಾನಿನೊಳಗೆ ಕೂತು ಗಾಳಿಯ ದಾರಿ ಕಟ್ಟುತ್ತದೆ. ಎರಡು ಆಪರೇಟಿಂಗ್ ಸಿಸ್ಟಂ ಓಡುವಾಗ ಪ್ರೊಸೆಸರ್ ಮೊದಲೇ ಕಾದಿರುತ್ತದೆ. ಬಿಸಿ ನೂರು ಡಿಗ್ರಿಯ ಹತ್ತಿರ ಬಂದಾಗ ಅದು ಸುಟ್ಟುಹೋಗದಿರಲು ತಾನಾಗಿಯೇ ವೇಗ ಇಳಿಸುತ್ತದೆ. ಬೆಳಿಗ್ಗೆ ಚೆನ್ನಾಗಿ ಓಡುವ ಯಂತ್ರ ಮಧ್ಯಾಹ್ನ ಕೈಕೊಡುತ್ತದೆ ಎಂದರೆ ಸಂಶಯ ಇದರ ಮೇಲೆಯೇ ಇರಲಿ.

ಇದಕ್ಕೂ ಅಂಕಿ ಇದೆ. ಸಿಪಿಯು ಪುಟದಲ್ಲಿ ಬೇಸ್ ಸ್ಪೀಡ್ ಎಂದು 2.4 ಗಿಗಾಹರ್ಟ್ಸ್ ಬರೆದಿದ್ದು, ಕೆಲಸದ ಒತ್ತಡದಲ್ಲಿಯೂ ಸ್ಪೀಡ್ ಎಂಬಲ್ಲಿ 0.8 ತೋರಿಸುತ್ತಿದ್ದರೆ ಯಾರೋ ಅದರ ಕಾಲು ಹಿಡಿದಿದ್ದಾರೆ. ಒಂದು ಕಾರಣ ಬಿಸಿ. ಇನ್ನೊಂದು ಚಾರ್ಜರ್. ಮೂಲ ಚಾರ್ಜರ್ ಕೆಟ್ಟಾಗ ಅಗ್ಗದ್ದೊಂದು ತಂದು ಚುಚ್ಚುತ್ತೇವಲ್ಲ, ಕೆಲವು ಕಂಪನಿಗಳ ಲ್ಯಾಪ್‌ಟಾಪ್‌ಗಳು ಅದು ತಮ್ಮದಲ್ಲವೆಂದೋ ವಾಟ್ ಕಡಿಮೆಯೆಂದೋ ಗುರುತಿಸಿ ಪ್ರೊಸೆಸರಿನ ವೇಗವನ್ನು ಇಳಿಸಿಬಿಡುತ್ತವೆ. ಮೂರನೆಯದು ಬ್ಯಾಟರಿ ಉಳಿಸುವ ಮೋಡ್. ವರ್ಚುವಲ್ ಮಷಿನ್ ಓಡಿಸುವಾಗ ಚಾರ್ಜರ್ ಹಾಕಿರಲಿ, ಪವರ್ ಮೋಡ್ ಬೆಸ್ಟ್ ಪರ್ಫಾರ್ಮೆನ್ಸ್ ಇರಲಿ.

ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲೆ, ತೊಡೆಯ ಮೇಲಿನ ಚಾದರದ ಮೇಲೆ ಇಡಬೇಡ. ಗಾಳಿಯ ಕಿಂಡಿ ಅಡಿಯಲ್ಲೇ ಇರುತ್ತದೆ. ಗಟ್ಟಿ ಹಲಗೆಯ ಮೇಲಿಟ್ಟು ಹಿಂದಿನ ಭಾಗ ಒಂದಿಂಚು ಎತ್ತರಿಸು. ಕೊಯ್ಲಿನ ಹಂಗಾಮು ಮುಗಿದ ಮೇಲೆ ಒಮ್ಮೆ ತಿಳಿದವರಿಂದ ಬಿಚ್ಚಿಸಿ ಫ್ಯಾನ್ ಸ್ವಚ್ಛ ಮಾಡಿಸು, ಕೆಲವು ವರ್ಷದ ಹಳೆಯದಾದರೆ ಥರ್ಮಲ್ ಪೇಸ್ಟ್ ಬದಲಿಸಲು ಹೇಳು. ಇದಕ್ಕೆ ಆಗುವ ಖರ್ಚು ಎಸ್‌ಎಸ್‌ಡಿಗಿಂತಲೂ ಕಡಿಮೆ.

ಕರೆಂಟಿನ ಮಾತೂ ಇಲ್ಲಿಯೇ ಬರಲಿ. ಬ್ಯಾಟರಿ ಸತ್ತ ಲ್ಯಾಪ್‌ಟಾಪನ್ನು ನೇರ ಚಾರ್ಜರಿನ ಮೇಲೆ ಓಡಿಸುವವರು, ಡೆಸ್ಕ್‌ಟಾಪ್ ಇಟ್ಟುಕೊಂಡವರು ಕರೆಂಟ್ ಹೋದಾಗ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ಒಟ್ಟಿಗೆ ಕೆಡವಿದಂತಾಗುತ್ತದೆ. ಒಳಗಿನ ಮಷಿನ್‌ನ ಡಿಸ್ಕ್ ಒಂದೇ ಕಡತ. ಅದು ಕೆಟ್ಟರೆ ಅದರಲ್ಲಿದ್ದ ಪ್ರಾಜೆಕ್ಟ್ ಪೂರ್ತಿ ಹೋಯಿತು. ಡೆಸ್ಕ್‌ಟಾಪ್‌ಗೆ ಯುಪಿಎಸ್ ಇರಲಿ. ಎದ್ದು ಹೋಗುವಾಗ ಸೇವ್ ಸ್ಟೇಟ್ ಕೊಟ್ಟು ಹೋಗು. ಬರೆದ ಪ್ರೋಗ್ರಾಂಗಳನ್ನು ವಾರಕ್ಕೊಮ್ಮೆಯಾದರೂ ಹೊರಗೆ ನಕಲು ಮಾಡು.

ಈಗ ಬೇರೆ ದಾರಿಯ ಮಾತು. ತಮ್ಮಾ, ನಿನಗೆ ವರ್ಚುವಲ್ ಮಷಿನ್ ಬೇಕೇಬೇಕೆ ಎಂದು ಒಮ್ಮೆ ಕೇಳಿಕೋ. ಲಿನಕ್ಸ್ ಕಮಾಂಡ್ ಕಲಿಯಲು ಮಾತ್ರವಾದರೆ ವಿಂಡೋಸಿನೊಳಗೇ ಲಿನಕ್ಸ್ ಓಡಿಸುವ ಡಬ್ಲ್ಯುಎಸ್‌ಎಲ್ ಎಂಬ ಸೌಲಭ್ಯ ಇದೆ. ಅದೂ ಒಳಗಿಂದೊಳಗೆ ವರ್ಚುವಲ್ ಮಷಿನ್ನೇ, ಆದರೆ ಪರದೆಯ ಭಾರ ಇಲ್ಲದ ಕಾರಣ ಹಗುರ. ಹಾಗೇ ಬಿಟ್ಟರೆ ಅದೂ ಯಂತ್ರದ ಅರ್ಧ ರ‍್ಯಾಮಿನ ತನಕ ಹಿಡಿಯಬಲ್ಲದು, ಅದಕ್ಕೊಂದು ಮಿತಿ ಬರೆದಿಡಬಹುದು. ಮತ್ತೆ, ಅದನ್ನೂ ವರ್ಚುವಲ್‌ಬಾಕ್ಸನ್ನೂ ಒಟ್ಟಿಗೆ ಇಟ್ಟುಕೊಂಡರೆ ಆ ಹಸಿರು ಆಮೆ ಬಂದೇ ಬರುತ್ತದೆ. ಎರಡರಲ್ಲಿ ಒಂದನ್ನು ಆರಿಸಿಕೋ. 4 ಜಿಬಿ ಯಂತ್ರದವನು ಲುಬುಂಟುವನ್ನು ಪೆನ್‌ಡ್ರೈವಿನಿಂದ ನೇರ ಶುರು ಮಾಡಿ ರುಚಿ ನೋಡಲಿ, ಹಿಡಿಸಿದರೆ ವಿಂಡೋಸಿನ ಪಕ್ಕದಲ್ಲಿ ಡ್ಯುಯಲ್ ಬೂಟ್ ಹಾಕಿಕೊಳ್ಳಲಿ. ಪೆನ್‌ಡ್ರೈವ್ ನಿಧಾನ ಎಂದು ಆಗಲೇ ಹೇಳಿದ್ದು ನೆನಪಿರಲಿ, ಇದು ರುಚಿ ನೋಡಲಿಕ್ಕಷ್ಟೇ. ಡ್ಯುಯಲ್ ಬೂಟ್‌ನಲ್ಲಿ ಇಡೀ ಯಂತ್ರ ಒಂದೇ ಸಿಸ್ಟಂಗೆ ಸಿಗುತ್ತದೆ. ಡಿಸ್ಕಿನ ಭಾಗ ಮಾಡುವಾಗ ಕೈತಪ್ಪಿದರೆ ಎಲ್ಲ ಅಳಿಯುತ್ತದೆ, ಹಾಗಾಗಿ ಬ್ಯಾಕಪ್ ಮೊದಲು.

ಆ್ಯಪ್ ಮಾಡುವುದು ಕಲಿಯುತ್ತಿರುವವರಿಗೆ ಇನ್ನೂ ಸುಲಭದ ದಾರಿ. ಆಂಡ್ರಾಯ್ಡ್ ಸ್ಟುಡಿಯೊದ ಎಮ್ಯುಲೇಟರ್ ಕೂಡ ಒಂದು ವರ್ಚುವಲ್ ಮಷಿನ್ನೇ. ಅದನ್ನೂ ಸೇರಿಸಿ ಕೆಲಸ ಮಾಡಲು 16 ಜಿಬಿ ಇರಲಿ ಎಂದು ಗೂಗಲ್ ಹೇಳುತ್ತದೆ. ನಿನ್ನ ಜೇಬಿನಲ್ಲಿ ನಿಜವಾದ ಆಂಡ್ರಾಯ್ಡ್ ಫೋನೇ ಇರುವಾಗ ನಕಲು ಫೋನು ಯಾಕೆ? ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರ್ ಮೇಲೆ 7 ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ, ಯುಎಸ್‌ಬಿ ಡಿಬಗಿಂಗ್ ಆನ್ ಮಾಡಿ ಕೇಬಲ್ ಹಾಕು. ನೀನು ಬರೆದ ಆ್ಯಪ್ ನೇರ ಫೋನಿನಲ್ಲೇ ಓಡುತ್ತದೆ. ಕೆಲಸ ಮುಗಿದ ಮೇಲೆ ಆ ಡಿಬಗಿಂಗ್ ಆಫ್ ಮಾಡುವುದನ್ನು ಮರೆಯಬೇಡ.

ವರ್ಚುವಲ್ ಮಷಿನ್ ಬರಿ ಓದುವ ಮಕ್ಕಳಿಗೆ ಎಂದೂ ತಿಳಿಯಬೇಡ. ನಮ್ಮ ಬಜಾರಿನ ಡಿಟಿಪಿ ಅಂಗಡಿಗಳಲ್ಲಿ ಲಗ್ನಪತ್ರಿಕೆ, ಕರಪತ್ರ ಮಾಡುವ ಹಳೆಯ ಪೇಜ್‌ಮೇಕರ್, ಅದಕ್ಕೆ ಹೊಂದುವ ಹಳೆಯ ನುಡಿ ಅಕ್ಷರಗಳು, ಅಡತ್ ಅಂಗಡಿ, ರೈಸ್‌ಮಿಲ್ಲಿನಲ್ಲಿ ಯಾರೋ ಬರೆದುಕೊಟ್ಟು ಹೋದ ಹಳೆಯ ಲೆಕ್ಕದ ಸಾಫ್ಟ್‌ವೇರ್, ಇವೆಲ್ಲ ವಿಂಡೋಸ್ ಎಕ್ಸ್‌ಪಿ ಕಾಲದವು. ಹೊಸ ಕಂಪ್ಯೂಟರಿನಲ್ಲಿ ಹಟ ಮಾಡುತ್ತವೆ. ವರ್ಚುವಲ್ ಮಷಿನ್‌ನೊಳಗೆ ಎಕ್ಸ್‌ಪಿ ಇಟ್ಟುಕೊಂಡರೆ ಅವು ಮೊದಲಿನಂತೆ ನಡೆಯುತ್ತವೆ. ಇಲ್ಲಿ ವೇಗದ ಚಿಂತೆಯೇ ಬೇಡ, 512 ಎಂಬಿ ರ‍್ಯಾಮ್, ಒಂದು ಕೋರ್ ಕೊಟ್ಟರೆ ಎಕ್ಸ್‌ಪಿ ಹಾರಾಡುತ್ತದೆ. ಆದರೆ ಮೈಕ್ರೋಸಾಫ್ಟ್ ಅದಕ್ಕೆ ಭದ್ರತೆಯ ತೇಪೆ ಕೊಡುವುದನ್ನು 2014ರ ಏಪ್ರಿಲ್ 8ರಂದೇ ನಿಲ್ಲಿಸಿದೆ. ಹಾಗಾಗಿ ಆ ಮಷಿನ್‌ಗೆ ಇಂಟರ್ನೆಟ್ ಕೊಡಬೇಡ, ಸೆಟ್ಟಿಂಗಿನಲ್ಲಿ ನೆಟ್‌ವರ್ಕ್ ಅಡಾಪ್ಟರನ್ನೇ ತೆಗೆ. ಕಡತ ಒಯ್ಯಲು ಶೇರ್ಡ್ ಫೋಲ್ಡರ್ ಸಾಕು. ನಿನ್ನ ಮಾವನದೋ ಕಾಕಾನದೋ ಅಂಗಡಿ ಇದ್ದರೆ ಇದೊಂದು ಕೆಲಸ ಮಾಡಿಕೊಡು, ನೀನು ಕಲಿತದ್ದಕ್ಕೆ ಮನೆಯಲ್ಲಿ ಬೆಲೆ ಬರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ ಮೆಮೊರಿಯೇ ಸಾಲದು ಎಂದು ಅಂಕಿ ಹೇಳಿದರೆ ಆಗ ರ‍್ಯಾಮ್ ಕೊಳ್ಳುವ ಮಾತು. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ಸ್ಲಾಟ್ಸ್ ಯೂಸ್ಡ್ ಎಂದು ಇರುತ್ತದೆ. ಎರಡರಲ್ಲಿ ಒಂದು ಎಂದಿದ್ದರೆ ನಿನಗೆ ಅದೃಷ್ಟ, ಅದೇ ಅಳತೆಯ, ಅದೇ ವೇಗದ ಇನ್ನೊಂದು 8 ಜಿಬಿ ಪಟ್ಟಿ ಹಾಕಿಸು. ಜೋಡಿಯಾದ ಮೇಲೆ ಎರಡೂ ಒಟ್ಟಿಗೆ ದುಡಿಯುವುದರಿಂದ ಚಿತ್ರದ ಕೆಲಸವೂ ಸ್ವಲ್ಪ ಚುರುಕಾಗುತ್ತದೆ. ಡಿಡಿಆರ್4 ಜಾಗಕ್ಕೆ ಡಿಡಿಆರ್5 ಕೂಡುವುದಿಲ್ಲ, ನೋಡಿ ಕೊಳ್ಳು. ತೆಳ್ಳಗಿನ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಅದಕ್ಕೆ ಮುಂದೆ ಸೇರಿಸಲಾಗದು. ಮುಂದೆ ಎಂದಾದರೂ ಹೊಸದು ಕೊಳ್ಳುವಾಗ ಹೊಳಪು, ತೂಕ ನೋಡುವ ಮೊದಲು ರ‍್ಯಾಮ್ ಸೇರಿಸಲು ಜಾಗ ಇದೆಯೇ ಎಂದು ಕೇಳು.

ಖರ್ಚಿನ ಸರದಿ ನೆನಪಿಡು. ಮೊದಲು ಸೆಟ್ಟಿಂಗ್, ಅದಕ್ಕೆ ಕಾಸಿಲ್ಲ. ಆಮೇಲೆ ದೂಳು ತೆಗೆಸುವುದು. ಆಮೇಲೆ ಎಸ್‌ಎಸ್‌ಡಿ. ಆಮೇಲೆ ರ‍್ಯಾಮ್. ಹೊಸ ಲ್ಯಾಪ್‌ಟಾಪ್ ಕೊನೆಯ ಮಾತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು, ಮಾಡಿ ಅಂಕಿ ಬರೆದುಕೋ. ನಾಲ್ಕನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಗುಣವಾಯಿತು ಎಂದು ತಿಳಿಯುವುದಿಲ್ಲ, ಕೆಟ್ಟರೆ ಯಾವುದರಿಂದ ಕೆಟ್ಟಿತು ಎಂದೂ ತಿಳಿಯುವುದಿಲ್ಲ.

ರಿಪೇರಿ ಅಂಗಡಿಗೆ ಹೋಗಲೇಬೇಕಾದರೆ ‘ಸ್ಲೋ ಆಗ್ಯಾದ, ನೋಡ್ರಿ’ ಎಂದಷ್ಟೇ ಹೇಳಿ ಯಂತ್ರ ಕೊಟ್ಟು ಬರಬೇಡ. ಯಾವ ಪ್ರೊಸೆಸರ್, ಎಷ್ಟು ರ‍್ಯಾಮ್, ಯಾವ ಡಿಸ್ಕ್, ವರ್ಚುವಲ್ ಮಷಿನ್ ಶುರುವಾದಾಗ ಯಾವ ಅಂಕಿ ನೂರು ಮುಟ್ಟಿತು ಎಂದು ಚೀಟಿಯಲ್ಲಿ ಬರೆದುಕೊಂಡು ಹೋಗು. ಆ ಚೀಟಿ ಇರುವ ಗಿರಾಕಿಗೆ ಬೇಡದ ಸಾಮಾನು ಮಾರುವುದು ಸುಲಭವಲ್ಲ. ನಿನ್ನ ಯಂತ್ರ ಸರಿಹೋದ ಮೇಲೆ ತರಗತಿಯಲ್ಲಿ ಪಕ್ಕದಲ್ಲಿ ಕೂಡುವವರ ಯಂತ್ರವನ್ನೂ ಹೀಗೆಯೇ ಒಮ್ಮೆ ತೆರೆದು ನೋಡಿಕೊಡು, ಹೊಸದು ಕೊಳ್ಳಲು ದುಡ್ಡಿಲ್ಲವೆಂದು ಯಾರೂ ಕಲಿಯುವುದನ್ನು ಬಿಡಬಾರದು.